ಮುಂದಾಳಿನ ನಡತೆಯೂ ಜನರ ನೋಟವೂ

(ಶಿಕ್ಷಕರೂ ಊರ ನಾಗರಿಕರೂ ಕೂಡಿದ್ದ ಒಂದು ಸಭೆಯಲ್ಲಿ ಮಾಡಿದ ಭಾಷಣ)



ಮುಂದಾಳಿನ ಶೀಲವು ಅನುಯಾಯಿಗಳ ದೃಷ್ಟಿಯನ್ನು ಹೇಗೆ ತಿದ್ದುತ್ತದೆಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಭೆಯ ಚಾಲಕರು ನಮಗೆ ಅಪ್ಪಣೆ ಮಾಡಿದ್ದಾರೆ. ವಿಷಯವೇನೋ ಹಳೆಯದು. 'ಯಥಾ ರಾಜಾ ತಥಾ ಪ್ರಜಾ' ಎಂದು ಹಿರಿಯರು ಒಂದೇ ಉಸುರಿನಲ್ಲಿ ಅದನ್ನು ಮುಗಿಸಿಬಿಟ್ಟಿದ್ದಾರೆ. ಆದರೆ ಆ ಗಾದೆಯನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಅದು ನಿಜವಾಗಿದ್ದ ಪಕ್ಷದಲ್ಲಿ, ಸುಮಾರು ಮೂವತ್ತು ವರ್ಷಗಳ ಕಾಲ ಗಾಂಧೀಜಿಯವರನ್ನು ಮುಂದಾಳೆಂದು ಕರೆದ ಈ ದೇಶದಲ್ಲಿ ಮನೆಗೊಂದು ರಾಟಿ ತಿರುಗಬೇಕಾಗಿತ್ತು. ಊರ ಹೊರಗೆ ಬೇರೆ ಕೇರಿಯೆಂಬುದು ಉಳಿಯಬಾರದಾಗಿತ್ತು. ಹಾಗೆ ಆಗಲಿಲ್ಲವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಹಾಗಾದರೆ ಆ ಮೂವತ್ತು ವರ್ಷ ಜನರು ಅವರಲ್ಲಿ ಕಂಡುದಾದರೂ ಏನು? ಕಾಣದೆ ಬಿಟ್ಟುದು ಏನು? ಈ ಹೊತ್ತು ನಾವು ವಿಚಾರಿಸತಕ್ಕದ್ದು ಇಷ್ಟೇ.

ಗಾಂಧೀಜಿಯವರನ್ನೇ ಉದಾಹರಣೆಗೆ ತೆಗೆದುಕೊಂಡುದಕ್ಕೆ ಕಾರಣವುಂಟು. ಉಳಿದ ಮುಂದಾಳುಗಳ ಮನೆಯ ಬಾಗಿಲು ನಮಗೆ ಮುಚ್ಚಿರುತ್ತದೆ. ಅವರ ಚರಿತ್ರೆಯನ್ನು ಬರೆದವರು ಪಡಸಾಲೆಯವರೆಗೆ ಮಾತ್ರ ನಮ್ಮನ್ನು ಕರೆದೊಯ್ಯುತ್ತಾರೆ. ಇವರಾದರೋ ಅಡಿಗೆಮನೆಯ ಜಗಳವನ್ನೂ ತಾವಾಗಿಯೇ ಅಚ್ಚು ಹಾಕಿಸಿದವರು. ಶಿಕ್ಷಕ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹುಡುಗರು ಪಾಠವನ್ನು ನಂಬುವ ಮೊದಲು ಮಾಸ್ತರರನ್ನು ನೋಡುತ್ತಾರೆ. ಹೊತ್ತಿಗೆ ಸರಿಯಾಗಿ ಬರುತ್ತಾರೆಯೆ, ಸಾಹುಕಾರರ ಮಗನಿಗೊಂದು ಬಡವರ ಮಗನಿಗೊಂದು ನ್ಯಾಯ ಮಾಡುತ್ತಾರೆಯೆ ಎಂಬುದನ್ನು ಎಂಟು ವರ್ಷದ ಹುಡುಗನು ಎಂಟು ದಿನಗಳಲ್ಲಿ ತೂಗಿಬಿಡುತ್ತಾನೆ. ಭೂಗೋಲದ ಪಾಠದ ಬೆಲೆ ಅಲ್ಲಿಂದ ಮುಂದಿನದು.

ದಕ್ಷಿಣ ಆಫ್ರಿಕದ ಒಂದು ಸಂಗತಿಯಿಂದ ಪ್ರಾರಂಭಿಸೋಣ. ೧೯೦೧ನೆಯ ಇಸವಿಯಲ್ಲಿ ಗಾಂಧೀಜಿಯವರು ನಾತಾಳವನ್ನು ಬಿಟ್ಟು ಸ್ವದೇಶಕ್ಕೆ ಹೊರಟರು. ಆಗ ಅವರಿಗೆ ಮೂವತ್ತೆರಡರ ಪ್ರಾಯ. ಅಲ್ಲಿದ್ದ ಭಾರತೀಯರು ಬೀಳ್ಕೊಡುವ ಸಮಾರಂಭಗಳನ್ನು ಮಾಡಿ, ಬೆಳ್ಳಿ ಬಂಗಾರದ ಒಡವೆಗಳನ್ನೂ ವಜ್ರದ ವಸ್ತುಗಳನ್ನೂ ಕಾಣಿಕೆಯಾಗಿ ಕೊಟ್ಟರು. ಅವುಗಳಲ್ಲಿ ಕಸ್ತೂರಬಾ ಅವರಿಗೆಂದು ಕೊಟ್ಟ ಒಂದು ಬಂಗಾರದ ಸರವಿತ್ತು. ಅದರ ಬೆಲೆ ಐವತ್ತು ಗಿನ್ನಿ. ಆ ರಾತ್ರಿ ಗಾಂಧೀಜಿಯವರಿಗೆ ನಿದ್ರೆ ಹತ್ತಲಿಲ್ಲ. ಜನಸೇವೆಗೆ ಕೂಲಿಯನ್ನು ಪಡೆಯಬಹುದೆ? ಸರಳವಾಗಿ ಬಾಳಿರೆಂದು ಊರಿಗೆಲ್ಲ ಹೇಳಿ ತನ್ನ ಮನೆಯಲ್ಲಿ ಬಂಗಾರವನ್ನು ಕೂಡಿಡಬಹುದೆ? ಬೆಳಗಾಗುವುದರೊಳಗೆ ನಿಶ್ಚಯವಾಯಿತು. ಪಾರಸೀ ರುಸ್ತುಮಜೀ ಮೊದಲಾದವರನ್ನು ವಿಶ್ವಸ್ತರನ್ನಾಗಿ ಗೊತ್ತುಮಾಡಿ, ಎಲ್ಲ ಒಡವೆಗಳನ್ನೂ ಸಮಾಜದ ಕಾರ್ಯಕ್ಕೆ ಒಪ್ಪಿಸುವ ಪತ್ರವನ್ನು ಅವರು ಬರೆದರು.

ಮಕ್ಕಳು ಒಪ್ಪಿದರು. ಹೆಂಡತಿ ಒಪ್ಪಲಿಲ್ಲ. ನಿಮಗೆ ಬೇಡ, ಮಕ್ಕಳಿಗೂ ಬೇಡವೆಂದು ನೀವು ಕಲಿಸಿದಿರಿ. ನಾಳೆ ಬರುವ ಸೊಸೆಯಂದಿರಿಗೂ ಬೇಡವೆಂದು ಯಾರು ಹೇಳಿದರು ಎಂದು ಆಕೆ ಕೇಳಿದರು. ಸರವನ್ನು ಕೊಟ್ಟುದು ನಿನ್ನ ಸೇವೆಗೋ ನನ್ನ ಸೇವೆಗೋ ಎಂದು ಗಂಡನು ವಕೀಲರ ಪ್ರಶ್ನೆ ಹಾಕಿದಾಗ, ನೀವು ಮಾಡಿದ ಸೇವೆ ನಾನು ಮಾಡಿದ ಸೇವೆಯೂ ಆಯಿತು, ಹಗಲಿರುಳು ನಿಮಗಾಗಿ ದುಡಿದುದು ಸೇವೆಯಲ್ಲವೆ ಎಂದು ಆ ತಾಯಿ ಮರುನುಡಿದರು. ಈ ವಾದದಲ್ಲಿ ಹುರುಳಿಲ್ಲವೆಂದು ಯಾರು ಹೇಳಬಲ್ಲರು? ನಮ್ಮ ಅಭಿಪ್ರಾಯದಲ್ಲಿ ಆ ದಿನ ವಾದದಲ್ಲಿ ಗೆದ್ದವರು ಕಸ್ತೂರಬಾ ಅವರೇ. ಒಡವೆ ಮಾತ್ರ ಹೋಯಿತು. ೧೮೯೬ರಲ್ಲಿ ಬಂದಿದ್ದ ಕಾಣಿಕೆಗಳೂ ಅದರೊಂದಿಗೇ ಹೋದವು. ಆಕೆಯ ಒಪ್ಪಿಗೆಯನ್ನು ಹೇಗೋ ಬಲವಂತದಿಂದ ಹೊರಡಿಸಿಕೊಂಡೆನೆಂದು ಗಾಂಧೀಜಿಯವರೇ ಬರೆದಿಟ್ಟಿದ್ದಾರೆ.

ಸಭಿಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಕಲಹವು ಜಗತ್ತಿಗೆ ತಿಳಿದದ್ದು ಆಳುಕಾಳುಗಳ ಬಾಯಿಂದಲ್ಲ, ವಿರೋಧಿಗಳ ಲೇಖನಿಯಿಂದಲೂ ಅಲ್ಲ. ೧೯೨೫ರಿಂದ 'ನವಜೀವನ' ಪತ್ರಿಕೆಯಲ್ಲಿ ವಾರವಾರವೂ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಅದನ್ನು ಹೇಳಿದರು. ಹೆಂಡತಿಯ ವಾದವನ್ನು ಅದರ ಬಲವು ಕುಂದದಂತೆ ಹೇಳಿದರು. ತನಗೆ ಎದುರಾಗಿ ಆಡಿದವರ ಮಾತನ್ನು ಹೀಗೆ ನೆಟ್ಟಗೆ ಬರೆಯುವ ಮನುಷ್ಯನು ಲೆಕ್ಕದ ಪುಸ್ತಕವನ್ನೂ ನೆಟ್ಟಗೆ ಬರೆದಾನೆಂದು ಓದುಗನು ತಾನಾಗಿಯೇ ತೀರ್ಮಾನಿಸುತ್ತಾನೆ. ವಿಶ್ವಾಸವೆಂಬುದು ಹುಟ್ಟುವುದು ಹೀಗೆಯೆ.

ಇನ್ನೊಂದು ಸಂಗತಿ ಇದಕ್ಕಿಂತ ಕಠಿಣವಾದುದು. ೧೯೨೯ರ ಏಪ್ರಿಲದಲ್ಲಿ ಅವರು ತಮ್ಮ ಆಶ್ರಮದೊಳಗಿನ ಕೆಲವು ದೋಷಗಳನ್ನು ಪತ್ರಿಕೆಯಲ್ಲಿ ಬಯಲಿಗಿಟ್ಟರು. ಅವುಗಳಲ್ಲಿ ಕಸ್ತೂರಬಾ ಅವರ ಹೆಸರೂ ಬಂದಿತು. ಯಾರೋ ಅಪರಿಚಿತರು ಆಕೆಯ ಕೈಗೆ ಕೊಟ್ಟಿದ್ದ ನಾಲ್ಕು ರೂಪಾಯಿಗಳನ್ನು ಆಕೆ ಆಶ್ರಮದ ಕಚೇರಿಗೆ ಒಪ್ಪಿಸದೆ ತಮ್ಮಲ್ಲಿಯೇ ಇಟ್ಟುಕೊಂಡಿದ್ದರಂತೆ. ನಾಲ್ಕೇ ರೂಪಾಯಿ! ಅದಕ್ಕಾಗಿ ಅರವತ್ತರ ಹೊಸ್ತಿಲಲ್ಲಿದ್ದ ಮುದುಕಿಯ ಹೆಸರನ್ನು ದೇಶಕ್ಕೆಲ್ಲ ಸಾರಬೇಕಾಗಿತ್ತೆ? ಓದಿದಾಗ ನಮ್ಮ ಮನಸ್ಸು ನೊಂದಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಆದರೆ ಸಾರ್ವಜನಿಕರು ಅದನ್ನು ಬೇರೆ ತಕ್ಕಡಿಯಲ್ಲಿ ತೂಗಿದರು. ಹೆಂಡತಿಯ ನಾಲ್ಕು ರೂಪಾಯಿಯನ್ನು ಬಿಡದವನು ನಮ್ಮ ನಾಲ್ಕು ಕಾಸನ್ನು ನುಂಗಲಾರನೆಂಬುದು ಅವರ ಲೆಕ್ಕ. ೧೯೨೧ರಲ್ಲಿಯೇ, ತಿಲಕ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಬೇಕೆಂದು ಬೆಜವಾಡದಲ್ಲಿ ಗೊತ್ತುಮಾಡಿ ಮೂರು ತಿಂಗಳು ಮುಗಿಯುವಷ್ಟರಲ್ಲಿ ಆ ಕೋಟಿಯು ಕೂಡಿತ್ತು. ವರ್ಗಣಿ ಎತ್ತಿದ ಅನುಭವವಿದ್ದವರಿಗೆ ಇದು ಎಷ್ಟು ದೊಡ್ಡ ಮಾತೆಂಬುದು ತಿಳಿದೀತು.

೧೯೩೪ರಲ್ಲಿ ಹರಿಜನ ನಿಧಿಗಾಗಿ ಅವರು ಕರ್ನಾಟಕದಲ್ಲಿ ಸಂಚರಿಸಿ ಕೊಡಗಿಗೆ ಹೋದಾಗ ನಡೆದುದನ್ನು ಇಲ್ಲಿಯೇ ಹೇಳಿಬಿಡೋಣ. ಸಣ್ಣಕಥೆಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೊಡಗಿನ ಗೌರಮ್ಮನವರು, ಮಹಾತ್ಮರು ತಮ್ಮ ಮನೆಗೆ ಬಂದ ಹೊರತು ಊಟ ಮಾಡೆನೆಂದು ಉಪವಾಸ ಕುಳಿತರು. ಮಹಾತ್ಮರು ಬರಲೇ ಬೇಕಾಯಿತು. ಗೌರಮ್ಮನವರು ತಮ್ಮ ಒಡವೆಗಳನ್ನು ಬಿಚ್ಚಿ ನಿಧಿಗೆ ಕೊಟ್ಟರು. ಗುರುವಿನ ಅಸ್ತ್ರವನ್ನು ಗುರುವಿನ ಮೇಲೆಯೇ ಹೂಡಿದ ಆ ಹೆಣ್ಣುಮಗಳ ಧೈರ್ಯವನ್ನು ನೆನೆದರೆ ನಮಗೆ ನಗೆಯೂ ಬರುತ್ತದೆ, ಗೌರವವೂ ಹುಟ್ಟುತ್ತದೆ. ನಾತಾಳದಲ್ಲಿ ಬಲವಂತದಿಂದ ಹೋದ ಬಂಗಾರಕ್ಕೂ ಕೊಡಗಿನಲ್ಲಿ ತಾನಾಗಿ ಬಂದ ಬಂಗಾರಕ್ಕೂ ನಡುವೆ ಮೂವತ್ತಮೂರು ವರ್ಷಗಳ ಅಂತರ. ಮೊದಲನೆಯದು ಹೋಗಿರದಿದ್ದರೆ ಎರಡನೆಯದು ಬರುತ್ತಿತ್ತೇ ಎಂಬುದು ಸಂದೇಹ.

ಇನ್ನು ಹಣದ ಮಾತನ್ನು ಬಿಟ್ಟು ರಾಜಕಾರಣಕ್ಕೆ ಬರೋಣ. ೧೯೨೨ರ ಫೆಬ್ರುವರಿಯ ಪ್ರಾರಂಭದಲ್ಲಿ ಗೋರಖಪುರ ಜಿಲ್ಲೆಯ ಚೌರೀಚೌರಾದಲ್ಲಿ ರೊಚ್ಚಿಗೆದ್ದ ಗುಂಪು ಠಾಣೆಗೆ ಬೆಂಕಿಯಿಟ್ಟಿತು. ಇಪ್ಪತ್ತಕ್ಕೂ ಮಿಕ್ಕಿ ಪೋಲೀಸರು ಸತ್ತರು. ಗಾಂಧೀಜಿಯವರು ಐದು ದಿನ ಉಪವಾಸವಿದ್ದರು. ಫೆಬ್ರುವರಿ ೧೨ರಂದು ಬಾರ್ಡೋಲಿಯಲ್ಲಿ ಕಾರ್ಯಕಾರಿ ಸಮಿತಿಯು ಕೂಡಿ, ಕಾಯಿದೆಭಂಗದ ಚಳವಳಿಯನ್ನು ನಿಲ್ಲಿಸಿತು. ಸಾವಿರಾರು ಜನ ತುರಂಗದಲ್ಲಿದ್ದರು. ಮೋತೀಲಾಲ ನೆಹರೂ, ಲಾಲಾ ಲಜಪತರಾಯ, ಚಿತ್ತರಂಜನ ದಾಸ ಇವರೆಲ್ಲರೂ ಒಳಗಿದ್ದುಕೊಂಡೇ ಸಿಡಿಮಿಡಿಗೊಂಡರು. ಎಲ್ಲಿಯೋ ಒಂದು ಹಳ್ಳಿಯವರು ಮಾಡಿದ ತಪ್ಪಿಗೆ ಇಡೀ ರಾಷ್ಟ್ರದ ಹೋರಾಟವನ್ನು ಮಡಿಚಿಡುವುದೆ? ಜನರ ಉತ್ಸಾಹವು ಕುದಿಯುತ್ತಿರುವಾಗ ಹಿಮ್ಮೆಟ್ಟುವ ಆಜ್ಞೆಯನ್ನು ಕೊಟ್ಟುದು ರಾಷ್ಟ್ರೀಯ ದುರಂತವೇ ಸರಿಯೆಂದು ಸುಭಾಷಚಂದ್ರ ಬೋಸರು ಮುಂದೆ ಬರೆದರು. ಇವರಾರೂ ಅಲ್ಪಬುದ್ಧಿಯವರಲ್ಲ. ಅವರ ಸಿಟ್ಟು ನ್ಯಾಯವಾದುದೆಂದೇ ಇಂದಿಗೂ ಅನೇಕರ ಮತ.

ಆದರೂ ಅವರು ಆತನನ್ನು ಬಿಟ್ಟುಹೋಗಲಿಲ್ಲವೇಕೆ? ಮಾರ್ಚ ೧೦ಕ್ಕೆ ಗಾಂಧೀಜಿಯವರು ಬಂಧಿತರಾದರು. ೧೮ಕ್ಕೆ ಅಹಮದಾಬಾದಿನಲ್ಲಿ ನ್ಯಾಯಾಧೀಶ ಬ್ರೂಮಫೀಲ್ಡರ ಎದುರಿಗೆ ವಿಚಾರಣೆಯಾಯಿತು. ಅಲ್ಲಿ ಅವರು ತಪ್ಪನ್ನು ಒಪ್ಪಿಕೊಂಡುದಲ್ಲದೆ, ಚೌರೀಚೌರಾದ ಹೊಣೆಯನ್ನೂ ತಮ್ಮ ತಲೆಯ ಮೇಲೆಯೇ ಹೊತ್ತು, ಇರುವುದರಲ್ಲಿ ಅತಿ ಕಠಿಣವಾದ ಶಿಕ್ಷೆಯನ್ನು ಕೊಡಬೇಕೆಂದು ಕೇಳಿದರು. ಆರು ವರ್ಷಗಳ ಶಿಕ್ಷೆಯಾಯಿತು. ಹೋರಾಟವನ್ನು ನಿಲ್ಲಿಸಿದವನು ಹೆದರಿ ನಿಲ್ಲಿಸಿದನೆಂಬ ಮಾತಿಗೆ ಅಲ್ಲಿಗೆ ನೆಲೆಯೇ ಉಳಿಯಲಿಲ್ಲ. ನಿರ್ಣಯವನ್ನು ತಪ್ಪೆನ್ನಬಹುದು, ನಿರ್ಣಯ ಮಾಡಿದವನನ್ನು ಹೇಡಿಯೆನ್ನಲು ಬಾರದು. ದಾಸರೂ ಮೋತೀಲಾಲರೂ ೧೯೨೩ರಲ್ಲಿ ಸ್ವರಾಜ್ಯ ಪಕ್ಷವನ್ನು ಕಟ್ಟಿ ಬೇರೆ ದಾರಿ ಹಿಡಿದರೂ ವ್ಯಕ್ತಿಯ ಮೇಲಿನ ಭರವಸೆಯನ್ನು ಕಳೆದುಕೊಳ್ಳಲಿಲ್ಲ. ಮತಭೇದವಿದ್ದೂ ಜೊತೆಯಲ್ಲಿರುವ ಈ ಬಗೆಯು ಮುಂದಾಳಿನ ಶೀಲದಿಂದ ಬರುವ ದೊಡ್ಡ ಲಾಭ. ವಾಕ್ಚಾತುರ್ಯದಿಂದ ಗೆದ್ದ ಅನುಯಾಯಿಯು ಮೊದಲನೆಯ ಸೋಲಿಗೇ ಹೊರಟುಹೋಗುತ್ತಾನೆ.

ಇಷ್ಟು ಕೇಳಿ, ಶೀಲವೊಂದಿದ್ದರೆ ಅನುಯಾಯಿಗಳೆಲ್ಲರೂ ಮುಂದಾಳಿನಂತೆ ಆದಾರೆಂದು ಯಾರಾದರೂ ಎಣಿಸಿದರೆ ಅವರು ನಮ್ಮ ಬೆಳಗಾವಿಯ ಕಥೆಯನ್ನು ಕೇಳಬೇಕು. ೧೯೨೪ರ ಡಿಸೆಂಬರ ೨೬ ಮತ್ತು ೨೭ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸು ನೆರೆಯಿತು. ಗಾಂಧೀಜಿಯವರು ತಮ್ಮ ಆಯುಷ್ಯದಲ್ಲಿ ಅಧ್ಯಕ್ಷರಾದ ಅಧಿವೇಶನ ಇದೊಂದೇ. ಗಂಗಾಧರರಾವ ದೇಶಪಾಂಡೆಯವರ ದುಡಿಮೆ, ಡಾಕ್ಟರ ಹರ್ಡೀಕರರ ಸ್ವಯಂಸೇವಕರ ಶಿಸ್ತು, ವಿಜಯನಗರವೆಂದು ಹೆಸರಿಟ್ಟ ಆ ತಾತ್ಪೂರ್ತಿಕ ಊರು, ಅಲ್ಲಿ ತೋಡಿದ ಪಂಪಾಸರೋವರವೆಂಬ ಬಾವಿ, ಅದೇ ಸಮಯಕ್ಕೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಏಕೀಕರಣ ಪರಿಷತ್ತು, ಇವನ್ನೆಲ್ಲ ಕನ್ನಡಿಗರು ಅಭಿಮಾನದಿಂದ ಎಷ್ಟೋ ಸಲ ಹೇಳಿದ್ದಾರೆ, ಕೇಳಿದ್ದಾರೆ. ಆದರೆ ಆ ಮಂಟಪದಲ್ಲಿ ಒಪ್ಪಿದ ಒಂದು ನಿಯಮವನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಆ ನಿಯಮವು ಹೀಗಿತ್ತು: ಕಾಂಗ್ರೆಸ್ಸಿನ ಸದಸ್ಯನಾಗಬೇಕೆಂಬವನು ಹಣವನ್ನು ಕೊಡತಕ್ಕದ್ದಲ್ಲ, ತಿಂಗಳಿಗೆ ಎರಡು ಸಾವಿರ ಗಜ ನೂಲನ್ನು ತಾನೇ ನೂತು ಕೊಡಬೇಕು. ತನ್ನ ಬಾಳಿನ ಅತ್ಯಂತ ಪ್ರಿಯವಾದ ಮೌಲ್ಯವನ್ನು ಮುಂದಾಳು ಸಂಸ್ಥೆಯ ಬಾಗಿಲಿಗೇ ಕಟ್ಟಿದನು. ಸಭೆಯು ಭಕ್ತಿಯಿಂದ ಕೈಯೆತ್ತಿತು. ಆದರೆ ನಿಯಮದ ಬಾಲದಲ್ಲಿ ಒಂದು ಕಿಂಡಿಯಿತ್ತು. ಬೇನೆಯಿಂದಾಗಲಿ ಮನಸ್ಸಿಲ್ಲದುದರಿಂದಾಗಲಿ ನೂಲಲಾರದವನು ಅಷ್ಟೇ ನೂಲನ್ನು ಬೇರೆಯವರಿಂದ ನೂಲಿಸಿ ಕೊಡಬಹುದು! ಸ್ವರಾಜ್ಯ ಪಕ್ಷದವರೊಡನೆ ಮಾಡಿಕೊಂಡ ರಾಜಿಯ ಫಲವದು. ಮನಸ್ಸಿಲ್ಲದುದನ್ನೂ ಒಂದು ಬೇನೆಯ ಸಾಲಿಗೆ ಸೇರಿಸಿದ ಆ ಬರಹಗಾರನ ಜಾಣತನವನ್ನು ಮೆಚ್ಚಬೇಕು. ನಿಯಮವು ಒಂದು ವರ್ಷ ತುಂಬುವ ತನಕವೂ ನಿಲ್ಲಲಿಲ್ಲ. ೧೯೨೫ರ ಸಪ್ಟೆಂಬರದಲ್ಲಿ ಪಾಟಣಾದ ಸಭೆಯು ನಾಲ್ಕಾಣೆ ಕೊಟ್ಟವನೂ ಸದಸ್ಯನಾಗಬಹುದೆಂದು ಮಾಡಿತು. ರಾಟಿಯ ಕಾರ್ಯಕ್ಕೆ ಚರಕಾ ಸಂಘವೆಂಬ ಬೇರೆ ಸಂಸ್ಥೆಯೇ ಹುಟ್ಟಿತು.

ಇದಕ್ಕೆ ಅರ್ಥವೇನು? ಜನರಿಗೆ ಗಾಂಧೀಜಿಯವರಲ್ಲಿ ವಿಶ್ವಾಸ ಕಡಮೆಯಾಗಿತ್ತೆಂದೆ? ಇಲ್ಲವೇ ಇಲ್ಲ. ಆತನು ನೂಲುವುದನ್ನು ಕಂಡು ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಆತನು ನೂಲುವುದು ಅವರಿಗೆ ಬೇಕಾಗಿತ್ತು. ತಾವು ನೂಲುವುದು ಬೇಕಾಗಿರಲಿಲ್ಲ. ಮುಂದಾಳಿನ ತಪಸ್ಸು ಅನುಯಾಯಿಗೆ ಎಷ್ಟೋ ಸಲ ತನ್ನ ತಪಸ್ಸಿನ ಬದಲಿಗೆ ಸಲ್ಲುತ್ತದೆ. ಊರಿಗೊಬ್ಬ ಏಕಾದಶಿಯ ಭಕ್ತನಿದ್ದರೆ ಉಳಿದವರು ನಿಶ್ಚಿಂತೆಯಿಂದ ಉಂಡಂತೆ. ಕಾಂಗ್ರೆಸ್ಸಿನ ಮಂಟಪದಲ್ಲಿ ಎತ್ತಿದ ಕೈಗಳನ್ನು ಎಣಿಸಿ ಮನಸ್ಸುಗಳನ್ನು ಎಣಿಸಿದೆವೆಂದು ತಿಳಿದುದೇ ಅಲ್ಲಿಯ ಮೋಸ. ಇದಕ್ಕೆ ಅಪವಾದವಾಗಿ ನಿಂತವರೂ ಉಂಟು. ದೇಶಗತಿಯ ಮನೆತನದಲ್ಲಿ ಹುಟ್ಟಿ ತಿಲಕರ ಗರಡಿಯಲ್ಲಿ ಬೆಳೆದ ಗಂಗಾಧರರಾಯರು ಹುದಲಿಯಲ್ಲಿ ಖಾದಿಯನ್ನು ಬೇರೂರಿಸಿದರು. ೧೯೩೭ರಲ್ಲಿ ಗಾಂಧೀ ಸೇವಾ ಸಂಘದ ಸಮ್ಮೇಲನಕ್ಕೆ ಗಾಂಧೀಜಿಯವರೇ ಆ ಹಳ್ಳಿಗೆ ಬಂದರು. ಆದರೆ ರಾಯರನ್ನು ನೂಲುವಂತೆ ಮಾಡಿದುದು ಬೆಳಗಾವಿಯ ನಿಯಮವಲ್ಲ.

ಇದುವರೆಗೆ ನಾವು ಆಡಿದುದು ಭಕ್ತರ ನೋಟದ ಮಾತು. ಅದೇ ಶೀಲವು ಬೇರೆ ಸ್ಥಾನದಲ್ಲಿ ನಿಂತವನಿಗೆ ಹೇಗೆ ಕಂಡೀತು? ೧೯೩೨ರ ಸಪ್ಟೆಂಬರ ೨೦ರಂದು ಯರವಡಾ ತುರಂಗದಲ್ಲಿ ಗಾಂಧೀಜಿಯವರು, ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟ ಬ್ರಿಟಿಶ ಸರಕಾರದ ತೀರ್ಪನ್ನು ವಿರೋಧಿಸಿ, ಆಮರಣ ಉಪವಾಸವನ್ನು ಹಿಡಿದರು. ದೇಶದ ಸವರ್ಣ ಹಿಂದೂಗಳಿಗೆ ಅದು ಆತ್ಮಶುದ್ಧಿಯ ಯಜ್ಞವಾಗಿ ಕಂಡಿತು. ಗುಡಿಗಳ ಬಾಗಿಲು ತೆರೆದವು, ಬಾವಿಗಳು ತೆರೆದವು. ಎಷ್ಟು ದಿನ ತೆರೆದಿದ್ದವೆಂಬುದು ಬೇರೆ ಮಾತು. ಡಾಕ್ಟರ ಅಂಬೇಡಕರರಿಗಾದರೋ ಅದು ಕುತ್ತಿಗೆಗೆ ಬಂದ ಒತ್ತಾಯವಾಗಿ ಕಂಡಿತು. ತನ್ನ ಜನರ ಹಕ್ಕನ್ನು ಬಿಡಬೇಕು, ಇಲ್ಲವೆ ಮಹಾತ್ಮನ ಸಾವಿನ ಹೊಣೆಯನ್ನು ಹೊರಬೇಕು. ಆ ಹೊಣೆಯ ಫಲವನ್ನು ಹಳ್ಳಿಹಳ್ಳಿಗಳಲ್ಲಿ ಉಣ್ಣತಕ್ಕವರು ಯಾರೆಂಬುದನ್ನು ಅವರು ಚೆನ್ನಾಗಿ ಬಲ್ಲವರು. ೨೪ಕ್ಕೆ ಒಪ್ಪಂದವಾಯಿತು. ಪ್ರಾಂತಿಕ ಸಭೆಗಳಲ್ಲಿ ಮೀಸಲು ಸ್ಥಾನಗಳು ೭೧ರಿಂದ ೧೪೮ಕ್ಕೆ ಏರಿದವು. ಪ್ರತ್ಯೇಕ ಮತಕ್ಷೇತ್ರಗಳು ಹೋದವು. ಆ ಉಪವಾಸದಲ್ಲಿ ಉದಾತ್ತವಾದುದೇನೂ ಇರಲಿಲ್ಲವೆಂದು ಅಂಬೇಡಕರರು ೧೯೪೫ರ ತಮ್ಮ ಗ್ರಂಥದಲ್ಲಿ ಬರೆದರು.

ಈ ಮಾತನ್ನು ಕೇಳಿ ಕೆಲವರು ಮುನಿಯುತ್ತಾರೆ. ಮುನಿಯುವ ಮೊದಲು ಅವರು ನಾತಾಳದ ಸರವನ್ನು ನೆನೆಯಲಿ. ತ್ಯಾಗವು ತ್ಯಾಗವೇ ಹೌದು. ಆದರೆ ಒಬ್ಬನ ತ್ಯಾಗಕ್ಕೆ ಇನ್ನೊಬ್ಬನು ಬೆಲೆ ತೆರಬೇಕಾದಾಗ, ತೆತ್ತವನ ಕಣ್ಣಿಗೆ ಅದು ಬೇರೆಯಾಗಿಯೇ ಕಾಣುತ್ತದೆ. ಕಸ್ತೂರಬಾ ಅವರಿಗೆ ಮನೆಯೊಳಗೆ ಕಂಡುದನ್ನೇ ಅಂಬೇಡಕರರು ದೇಶದ ಪಡಸಾಲೆಯಲ್ಲಿ ಕಂಡರೆಂದರೆ ತಪ್ಪಾಗಲಾರದು. ಭೇದವಿಷ್ಟೇ: ಆಕೆ ಹೆಂಡತಿಯಾಗಿ ಒಪ್ಪಿದರು, ಅವರು ಒಪ್ಪಂದಕ್ಕೆ ರುಜು ಮಾಡಿದರು.

ವಿಶ್ವಾಸವು ಅತಿಯಾದಾಗ ಆಗುವ ಅನರ್ಥಕ್ಕೂ ಒಂದು ಉದಾಹರಣೆಯನ್ನು ಕೊಡುತ್ತೇವೆ. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಮಡಿದರು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಗಾಂಧೀಜಿಯವರು ಸಾರಿದರು. ಯರವಡಾದಲ್ಲಿ ಉಪವಾಸವು ಮುಗಿದ ದಿನ ಹಾಸಿಗೆಯ ಬದಿಯಲ್ಲಿದ್ದ ರವೀಂದ್ರನಾಥ ಠಾಕೂರರೇ ಈಗ ಎದ್ದು ನಿಂತು ಅದನ್ನು ಖಂಡಿಸಿದರು. ಬೇರೆ ಯಾರಾದರೂ ಈ ಮಾತನ್ನು ಆಡಿದ್ದರೆ ಕವಿಗಳು ಲೇಖನಿಯನ್ನು ಎತ್ತುತ್ತಿರಲಿಲ್ಲವೇನೋ. ಆಡಿದವರು ಗಾಂಧೀಜಿ, ನಂಬತಕ್ಕವರು ಕೋಟ್ಯವಧಿ. ಲೆಕ್ಕದಲ್ಲಿ ಪ್ರಾಮಾಣಿಕನಾದವನು ಭೂಗರ್ಭದ ವಿಷಯದಲ್ಲಿಯೂ ಪ್ರಮಾಣವಾಗಿಬಿಡುವ ಅಪಾಯವಿದು. ಗಾಂಧೀಜಿಯವರು ಕವಿಗಳ ಖಂಡನೆಯನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲಿಯೇ ಅಚ್ಚುಮಾಡಿ ಪಕ್ಕದಲ್ಲಿ ಉತ್ತರವನ್ನೂ ಬರೆದರು. ತಮ್ಮ ಮಾತನ್ನು ಹಿಂತೆಗೆಯಲಿಲ್ಲ. ನಾವು ಈ ವಿಷಯದಲ್ಲಿ ಕವಿಗಳ ಪಕ್ಷದವರು. ಆದರೆ ತನ್ನನ್ನು ಖಂಡಿಸಿದ ಲೇಖನಕ್ಕೆ ತನ್ನ ಪತ್ರಿಕೆಯಲ್ಲಿಯೇ ಸ್ಥಳ ಕೊಟ್ಟ ಸಂಪಾದಕರನ್ನು ತಾವು ಎಷ್ಟು ಜನರನ್ನು ಕಂಡಿದ್ದೀರಿ?

ಕೊನೆಗೆ, ಮುಂದಾಳು ಕಣ್ಣೆದುರಿಗೆ ಇಲ್ಲದಾಗ ಅನುಯಾಯಿಯು ಏನು ಮಾಡಬೇಕು? ೧೯೪೨ರ ಆಗಸ್ಟ ೯ರ ನಸುಕಿನಲ್ಲಿ ಗಾಂಧೀಜಿಯವರೂ ಉಳಿದ ಹಿರಿಯರೂ ಒಮ್ಮೆಲೆ ಬಂಧಿತರಾದರು. ಮುಂದಿನ ದಾರಿಯನ್ನು ಹೇಳತಕ್ಕವರು ಹೊರಗೆ ಒಬ್ಬರೂ ಉಳಿಯಲಿಲ್ಲ. ಆತನಿದ್ದಿದ್ದರೆ ಏನು ಮಾಡುತ್ತಿದ್ದನೆಂದು ಒಬ್ಬೊಬ್ಬನೂ ತನ್ನ ಎದೆಯನ್ನೇ ಕೇಳಿಕೊಳ್ಳಬೇಕಾಯಿತು. ಎದೆಗಳು ಬೇರೆ ಬೇರೆ; ಉತ್ತರಗಳೂ ಬೇರೆ ಬೇರೆ. ಕೆಲವರು ಪ್ರಾರ್ಥನೆ ಮಾಡಿ ತುರಂಗಕ್ಕೆ ನಡೆದರು. ಕೆಲವರು ತಂತಿಯನ್ನು ಕಡಿದರು, ಚಾವಡಿಯ ದಫ್ತರಗಳನ್ನು ಸುಟ್ಟರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ನೆನೆಯಿರಿ. ೧೯೩೦ರಲ್ಲಿ ಗಾಂಧೀಜಿಯವರ ಹಿಂದೆ ದಾಂಡಿಗೆ ನಡೆದ ತಂಡದಲ್ಲಿದ್ದ ಕನ್ನಡದ ಹುಡುಗ ಅವರು. ಆತನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟವರೆಂದು ಹೇಳಬೇಕಾದರೆ ಇವರನ್ನೇ ಹೇಳಬೇಕು. ೧೯೪೩ರ ಏಪ್ರಿಲ ೧ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ ಅವರು ಗುಂಡಿಗೆ ಬಲಿಯಾದರು. ಆಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ.

ಇದು ಗಾಂಧಿಯವರ ದಾರಿಯೆ? ೧೯೪೪ರಲ್ಲಿ ಬಿಡುಗಡೆಯಾದ ಮೇಲೆ ಗಾಂಧೀಜಿಯವರು ಗುಪ್ತ ಕಾರ್ಯವನ್ನು ಮೆಚ್ಚಲಿಲ್ಲ. ಭೂಗತರಾದವರೆಲ್ಲರೂ ಬಯಲಿಗೆ ಬರಬೇಕೆಂದು ಹೇಳಿದರು. ಕೆಲವರು ಬಂದರು. ಅರುಣಾ ಅಸಫ ಅಲಿಯವರಿಗೆ ಅವರು ಸ್ವಂತ ಕೈಯಿಂದ ಪತ್ರ ಬರೆದು, ಆಕೆಯ ಧೈರ್ಯವನ್ನು ಕೊಂಡಾಡಿ, ಶರಣಾಗಲು ಹೇಳಿದರು. ಆಕೆಯು ೧೯೪೬ರಲ್ಲಿ ವಾರಂಟು ರದ್ದಾಗುವವರೆಗೆ ಹೊರಗೆ ಬರಲಿಲ್ಲ. ಮಹಾತ್ಮರ ಆ ಪತ್ರವನ್ನು ಮಾತ್ರ ಆಕೆ ಜೋಪಾನವಾಗಿ ಕಾಯ್ದುಕೊಂಡು, ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು.